ನೊಬೆಲ್ ಬಂದ ಎರಡೇ ವರ್ಷಕ್ಕೆ ಹಣ ನಿಂತಿತು: ವೈರಸ್ ಸಂಶೋಧಕರ ವೃತ್ತಿಯಲ್ಲಿ ಏನಾಗುತ್ತಿದೆ?

2023ರ ಅಕ್ಟೋಬರ್‌ನಲ್ಲಿ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ಎಂಆರ್‌ಎನ್‌ಎ ಲಸಿಕೆ, ಅಂದರೆ ವೈರಸ್‌ನ ಒಂದು ಪ್ರೋಟೀನ್ ಮಾಡುವ ಸೂಚನೆಯನ್ನು ನಮ್ಮ ಕೋಶಗಳಿಗೆ ಕೊಡುವ ಲಸಿಕೆ, ಸಾಧ್ಯವಾದದ್ದು ಅವರ ಕೆಲಸದಿಂದ. ಎರಡು ವರ್ಷ ತುಂಬುವ ಮೊದಲೇ, 2025ರ ಆಗಸ್ಟ್ 5ರಂದು, ಅಮೆರಿಕದ ಆರೋಗ್ಯ ಇಲಾಖೆ ಅದೇ ತಂತ್ರದ 22 ಲಸಿಕೆ ಯೋಜನೆಗಳನ್ನು ನಿಲ್ಲಿಸುತ್ತೇವೆ ಎಂದು ಹೇಳಿತು. ಅವುಗಳ ಒಟ್ಟು ಮೊತ್ತ ಸುಮಾರು 50 ಕೋಟಿ ಡಾಲರ್.

ಓದಿದವರಿಗೆ ಗೊಂದಲ ಆಗುವುದು ಸಹಜ. ಜಗತ್ತಿನ ಅತಿ ದೊಡ್ಡ ಪ್ರಶಸ್ತಿ ಪಡೆದ ವಿದ್ಯೆ ಇದ್ದಕ್ಕಿದ್ದಂತೆ ಬೇಡವಾದದ್ದು ಹೇಗೆ? ಪ್ರಶಸ್ತಿ ಕೊಟ್ಟವರು ಎಡವಿದರೋ, ಹಣ ನಿಲ್ಲಿಸಿದವರು ಎಡವಿದರೋ? ಈ ಪ್ರಶ್ನೆಗೆ ಉತ್ತರ ಹುಡುಕಲು ರಾಜಕೀಯವನ್ನು ಮಾತ್ರ ನೋಡಿದರೆ ಸಾಲದು. ವೈರಸ್ ಸಂಶೋಧಕರು ಹೇಗೆ ತಯಾರಾಗುತ್ತಾರೆ, ಅವರ ಕೆಲಸಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಅನ್ನೋದನ್ನೂ ನೋಡಬೇಕು. ಆಗ ಆ 50 ಕೋಟಿಯ ಲೆಕ್ಕ ಬೇರೆಯದೇ ರೀತಿ ಕಾಣುತ್ತದೆ.

ನಿಂತದ್ದು ಯಾವುದು, ಉಳಿದದ್ದು ಯಾವುದು

ಎಂಆರ್‌ಎನ್‌ಎ ಲಸಿಕೆಯನ್ನು ನಿಷೇಧ ಮಾಡಿದ್ದಾರೆ ಅಂತ ಕೆಲವರು ತಿಳಿದುಕೊಂಡರು. ಹಾಗೇನೂ ಆಗಿಲ್ಲ. ಮುಂದಿನ ಮಹಾಮಾರಿಗೆ ಸಿದ್ಧತೆಯಾಗಿ ಸರ್ಕಾರ ಕೊಡುತ್ತಿದ್ದ ಹಣ ನಿಂತಿದೆ. ಕೊನೆಯ ಹಂತ ತಲುಪಿದ್ದ ಕೆಲವು ಕೆಲಸಗಳನ್ನು ಮುಗಿಸಲು ಬಿಟ್ಟಿದ್ದಾರೆ. ಈ ತಂತ್ರದ ಬೇರೆ ಉಪಯೋಗಗಳಿಗೆ ಈ ನಿರ್ಧಾರ ತಟ್ಟುವುದಿಲ್ಲ ಎಂದೂ ಇಲಾಖೆ ಹೇಳಿದೆ.

ಆದರೆ ಆಗಸ್ಟ್ ತಿಂಗಳ ಈ ಸುದ್ದಿ ಒಂಟಿಯಾಗಿ ಬಂದದ್ದಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ವೈರಸ್ ವಿರುದ್ಧ ಹೊಸ ಔಷಧಿ ಹುಡುಕುತ್ತಿದ್ದ ಒಂಬತ್ತು ಕೇಂದ್ರಗಳ ಅನುದಾನ ನಿಂತಿತು. 2022ರಲ್ಲಿ 57.7 ಕೋಟಿ ಡಾಲರ್ ಇಟ್ಟು ಶುರು ಮಾಡಿದ್ದ ಕೇಂದ್ರಗಳು ಅವು. ಮೇ ತಿಂಗಳಲ್ಲಿ ಹಕ್ಕಿ ಜ್ವರದ ಎಂಆರ್‌ಎನ್‌ಎ ಲಸಿಕೆಗಾಗಿ ಮಾಡರ್ನಾ ಕಂಪನಿ ಜೊತೆಗಿದ್ದ ಒಪ್ಪಂದ ರದ್ದಾಯಿತು. ಜೂನ್‌ನಲ್ಲಿ, ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ಹೊಸ ಸೋಂಕುಗಳ ಮೇಲೆ ಕಣ್ಣಿಡಲು 2020ರಲ್ಲಿ ಕಟ್ಟಿದ್ದ ಸಂಶೋಧನಾ ಕೇಂದ್ರಗಳ ಜಾಲವೂ ಮುಚ್ಚಿತು. ಲಸಿಕೆ, ಔಷಧಿ, ಕಣ್ಗಾವಲು: ಸೋಂಕು ರೋಗದ ಸಂಶೋಧನೆಯ ಮೂರೂ ಕಡೆ ಒಂದೇ ವರ್ಷ ಕತ್ತರಿ ಬಿತ್ತು.

ಒಬ್ಬ ವೈರಾಲಜಿಸ್ಟ್ ತಯಾರಾಗಲು ಎಷ್ಟು ಕಾಲ ಬೇಕು?

ಪಿಎಚ್‌ಡಿಗೆ ನಾಲ್ಕರಿಂದ ಆರು ವರ್ಷ. ಆಮೇಲೆ ಪೋಸ್ಟ್‌ಡಾಕ್, ಅಂದರೆ ಹಿರಿಯ ವಿಜ್ಞಾನಿಯೊಬ್ಬರ ಲ್ಯಾಬ್‌ನಲ್ಲಿ ತಾತ್ಕಾಲಿಕ ಕೆಲಸ. ಅದು ಮೂರು ವರ್ಷಕ್ಕೆ ಮುಗಿಯಬಹುದು, ಏಳು ವರ್ಷವೂ ಎಳೆಯಬಹುದು. ಅದಾದ ಮೇಲೆ ಅದೃಷ್ಟ ಇದ್ದವರಿಗೆ ಸ್ವಂತ ಲ್ಯಾಬ್. ಅಮೆರಿಕದಲ್ಲಿ ಪಿಎಚ್‌ಡಿ ಪಡೆದವರು ಸ್ವತಂತ್ರವಾಗಿ ಮೊದಲ ದೊಡ್ಡ ಅನುದಾನ ಪಡೆಯುವ ಸರಾಸರಿ ವಯಸ್ಸು 1980ರ ಸುಮಾರಿಗೆ 36 ಇತ್ತು. ಆಮೇಲಿನ ದಶಕಗಳಲ್ಲಿ ಅದು 42 ದಾಟಿತು. ಅಂದರೆ ಅರ್ಧ ಆಯುಷ್ಯ ಕಳೆದ ಮೇಲೆ ಸ್ವಂತ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳುವ ಅವಕಾಶ.

ಇಷ್ಟು ಕಾಲ ಯಾಕೆ ಬೇಕು? ವೈರಸ್ ತಾನಾಗಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಕೋಶ ಬೇಕು. ಆ ಕೋಶಗಳಿಗೆ ಹೊತ್ತುಹೊತ್ತಿಗೆ ಆಹಾರ ಕೊಡಬೇಕು, ಬ್ಯಾಕ್ಟೀರಿಯಾ ಸೇರದಂತೆ ಕಾಯಬೇಕು, ಭಾನುವಾರ ಎಂದು ಬಿಡುವ ಹಾಗಿಲ್ಲ. ಲ್ಯಾಬ್‌ಗಳಲ್ಲಿ ಅಪಾಯಕ್ಕೆ ತಕ್ಕಂತೆ ನಾಲ್ಕು ಸುರಕ್ಷತಾ ಹಂತಗಳಿವೆ. ಎಬೋಲಾದಂಥ ವೈರಸ್ ಮುಟ್ಟಬೇಕಾದರೆ ನಾಲ್ಕನೇ ಹಂತದ ಲ್ಯಾಬ್ ಬೇಕು. ಅಲ್ಲಿ ಗಾಳಿಯ ಕೊಳವೆ ಜೋಡಿಸಿದ ಸೂಟ್ ತೊಟ್ಟು ಕೆಲಸ ಮಾಡಬೇಕು. ಹಳಬರ ಪಕ್ಕದಲ್ಲಿ ನಿಂತು ತುಂಬಾ ದಿನ ಕಲಿತ ಮೇಲಷ್ಟೇ ಒಬ್ಬರೇ ಕೆಲಸ ಮಾಡಲು ಬಿಡುತ್ತಾರೆ. ಕೈಗವಸಿಗೆ ಸೂಜಿ ತಾಗದಂತೆ ಹೇಗೆ ಹಿಡಿಯಬೇಕು, ಕೋಶಗಳು ಸಾಯುತ್ತಿರುವುದು ವೈರಸ್‌ನಿಂದಲೋ ಬೇರೆ ಕಾರಣಕ್ಕೋ ಅಂತ ಮೈಕ್ರೋಸ್ಕೋಪ್‌ನಲ್ಲಿ ಹೇಗೆ ಗುರುತಿಸಬೇಕು: ಇವೆಲ್ಲ ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ಕೈಯಿಂದ ಕೈಗೆ ದಾಟುವ ವಿದ್ಯೆ.

ಇನ್ನು ಹಣ. ಒಂದು ಅನುದಾನ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಸಿಗುತ್ತದೆ. ಲ್ಯಾಬ್‌ನ ಯಂತ್ರಗಳಷ್ಟೇ ಅಲ್ಲ, ವಿದ್ಯಾರ್ಥಿ, ಪೋಸ್ಟ್‌ಡಾಕ್, ತಂತ್ರಜ್ಞರ ಸಂಬಳವೂ ಬಹುಪಾಲು ಅದರಿಂದಲೇ ಬರುತ್ತದೆ. ಅದು ನಡುವೆ ನಿಂತರೆ ಮೊದಲು ಹೊರಡುವವರು ಚಿಕ್ಕವರು. ಅವರ ಹಿಂದೆ ಪ್ರಯೋಗದ ಪ್ರಾಣಿಗಳು ಹೋಗುತ್ತವೆ, ಬೆಳೆಸಿದ ಕೋಶಗಳು ಹೋಗುತ್ತವೆ. ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ವರ್ಷಾನುಗಟ್ಟಲೆ ಕೂಡಿಟ್ಟ ರಕ್ತದ ಮಾದರಿಗಳನ್ನು ನೋಡಿಕೊಳ್ಳುವವರು ಇರುವುದಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹಣ ಬಂದರೆ ಲ್ಯಾಬ್ ಮೊದಲಿದ್ದಲ್ಲಿಂದ ಮುಂದುವರಿಯುವುದಿಲ್ಲ. ಮೊದಲಿನಿಂದ ಶುರುವಾಗುತ್ತದೆ.

43 ವರ್ಷದ ಒಂದು ಕೆಲಸ

ಈ ಮಾತು ಎಷ್ಟು ನಿಜ ಅನ್ನೋದಕ್ಕೆ ಕಾಂಗೋದ ವೈರಾಲಜಿಸ್ಟ್ ಜೀನ್-ಜಾಕ್ ಮುಯೆಂಬೆ ಅವರ ವೃತ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಹುಟ್ಟಿದ್ದು 1942ರಲ್ಲಿ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ವೈರಾಲಜಿ ಕಲಿತು ದೇಶಕ್ಕೆ ಮರಳಿದರು. 1976ರಲ್ಲಿ ಯಂಬುಕು ಎಂಬ ಊರಿನಲ್ಲಿ ಜನ ಗೊತ್ತಿಲ್ಲದ ಜ್ವರದಿಂದ ಸಾಯುತ್ತಿದ್ದಾರೆಂದು ತಿಳಿದಾಗ ಅಲ್ಲಿಗೆ ಹೋದರು. ಕೈಗವಸು ಇರಲಿಲ್ಲ. ಬರಿಗೈಯಲ್ಲೇ ರೋಗಿಗಳ ರಕ್ತ ತೆಗೆದರು. ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲದೆ ಹರಿಯುವುದನ್ನು ಕಂಡರು. ಅದೇ ಹೊತ್ತಿನಲ್ಲಿ ಯುರೋಪಿಗೆ ಹೋದ ರಕ್ತದ ಮಾದರಿಯಲ್ಲಿ ಹೊಸ ವೈರಸ್ ಸಿಕ್ಕಿತು. ಅದಕ್ಕೆ ಆ ಭಾಗದ ನದಿಯ ಹೆಸರಿಟ್ಟರು: ಎಬೋಲಾ. ಆ ಸಲ ಸೋಂಕು ತಗುಲಿದ 318 ಜನರಲ್ಲಿ 280 ಜನ ತೀರಿಕೊಂಡರು.

1995ರಲ್ಲಿ ಕಿಕ್ವಿಟ್ ನಗರದಲ್ಲಿ ಎಬೋಲಾ ಮತ್ತೆ ಬಂತು. ಚಿಕಿತ್ಸೆ ಎಂಬುದೇ ಇರಲಿಲ್ಲ. ರೋಗದಿಂದ ಬದುಕಿ ಉಳಿದವರ ರಕ್ತವನ್ನು ಎಂಟು ರೋಗಿಗಳಿಗೆ ಕೊಟ್ಟು ನೋಡಿದರು. ಏಳು ಜನ ಉಳಿದರು. ಗುಣವಾದವರ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳಿರುತ್ತವೆ, ಅವು ಬೇರೆಯವರನ್ನೂ ಕಾಯಬಹುದು ಎಂಬ ಯೋಚನೆ ಅದರ ಹಿಂದಿತ್ತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಅವರು ಹೇಗಿದ್ದರೂ ಬದುಕುತ್ತಿದ್ದರೇನೋ ಎಂದು ಬೇರೆ ವಿಜ್ಞಾನಿಗಳು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಬರಲು ಎರಡು ದಶಕ ಬೇಕಾಯಿತು. ಕಿಕ್ವಿಟ್‌ನಲ್ಲಿ ಬದುಕಿ ಉಳಿದ ಒಬ್ಬರ ರಕ್ತವನ್ನು ರೋಗ ವಾಸಿಯಾಗಿ ಹನ್ನೊಂದು ವರ್ಷದ ಮೇಲೆ ತೆಗೆದಾಗಲೂ ಪ್ರತಿಕಾಯಗಳನ್ನು ಮಾಡುವ ಕೋಶಗಳು ಅದರಲ್ಲಿದ್ದವು. ಮುಯೆಂಬೆ ಅವರ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಸೇರಿ ಅದರಿಂದ ಒಂದು ಪ್ರತಿಕಾಯವನ್ನು ಬೇರ್ಪಡಿಸಿದರು. ಅದರ ಹೆಸರು ಎಂಎಬಿ114. 2018ರ ಕೊನೆಯಲ್ಲಿ, ಸೋಂಕು ಹರಡುತ್ತಿದ್ದಾಗಲೇ, ಕಾಂಗೋದಲ್ಲಿ ನಾಲ್ಕು ಔಷಧಿಗಳನ್ನು ಹೋಲಿಸುವ ಪರೀಕ್ಷೆ ನಡೆಯಿತು. ಎಂಎಬಿ114 ಪಡೆದವರಲ್ಲಿ ಸತ್ತವರು ಶೇ 35. ಅದಕ್ಕೂ ಮೊದಲಿದ್ದ ಔಷಧಿ ಪಡೆದವರಲ್ಲಿ ಶೇ 50. ಬೇಗ ಆಸ್ಪತ್ರೆಗೆ ಬಂದವರಲ್ಲಿ ಸಾವು ಇನ್ನೂ ಕಡಿಮೆ. 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು.

ಯಂಬುಕುವಿಗೆ ಹೋದಾಗ ಮುಯೆಂಬೆ ಅವರಿಗೆ 34 ವರ್ಷ. ಪರೀಕ್ಷೆಯ ಫಲಿತಾಂಶ ಬಂದಾಗ 77. ಈ 43 ವರ್ಷಗಳಲ್ಲಿ ಎಬೋಲಾ ಸುದ್ದಿಯಲ್ಲಿ ಇದ್ದದ್ದಕ್ಕಿಂತ ಇಲ್ಲದ ವರ್ಷಗಳೇ ಜಾಸ್ತಿ. ಆ ಖಾಲಿ ವರ್ಷಗಳಲ್ಲೂ ಅವರು ಅದೇ ಪ್ರಶ್ನೆಯನ್ನು ಹಿಡಿದು ಕೂತಿದ್ದರು ಅನ್ನೋದನ್ನು ಗಮನಿಸಬೇಕು.

ಹನ್ನೊಂದು ತಿಂಗಳ ಲಸಿಕೆ

ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂತು ಅಲ್ವಾ, ಹಾಗಾದರೆ ವಿಜ್ಞಾನಕ್ಕೆ ಇಷ್ಟೆಲ್ಲ ಕಾಲ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. 2020ರ ಜನವರಿಯಲ್ಲಿ ವೈರಸ್‌ನ ಜೀನ್ ಮಾಹಿತಿ ಹೊರಬಂತು. ಮಾರ್ಚ್ 16ಕ್ಕೆ ಮೊದಲ ಸ್ವಯಂಸೇವಕರಿಗೆ ಚುಚ್ಚುಮದ್ದು. ಡಿಸೆಂಬರ್‌ನಲ್ಲಿ ಅನುಮತಿ. ಹೊರಗಿನಿಂದ ನೋಡಿದರೆ ಪವಾಡ.

ಒಳಗಿನ ಕಥೆ 1960ರ ದಶಕದಲ್ಲಿ ಶುರುವಾಗುತ್ತದೆ. ಮಕ್ಕಳ ಉಸಿರಾಟಕ್ಕೆ ತೊಂದರೆ ಕೊಡುವ ಆರ್‌ಎಸ್‌ವಿ ಎಂಬ ವೈರಸ್‌ಗೆ ಒಂದು ಲಸಿಕೆ ಮಾಡಿದ್ದರು. ಅದು ಕಾಯುವ ಬದಲು ರೋಗವನ್ನು ಜಾಸ್ತಿ ಮಾಡಿತು. ಲಸಿಕೆ ಪಡೆದ ಎರಡು ಮಕ್ಕಳು ತೀರಿಕೊಂಡವು. ಹೀಗೆ ಯಾಕಾಯಿತು ಎಂಬ ಪ್ರಶ್ನೆಯ ಹಿಂದೆ ಬಾರ್ನಿ ಗ್ರಹಾಂ ಎಂಬ ವೈರಾಲಜಿಸ್ಟ್ ದಶಕಗಳನ್ನೇ ಕಳೆದರು. ವೈರಸ್‌ನ ಮೇಲ್ಮೈಯ ಪ್ರೋಟೀನ್ ಕೋಶಕ್ಕೆ ಅಂಟುವ ಮೊದಲು ಒಂದು ಆಕಾರದಲ್ಲಿರುತ್ತದೆ, ಅಂಟಿದ ಮೇಲೆ ಇನ್ನೊಂದು ಆಕಾರ. ಲಸಿಕೆ ಕೆಲಸ ಮಾಡಬೇಕಾದರೆ ಮೊದಲಿನ ಆಕಾರವನ್ನೇ ದೇಹಕ್ಕೆ ತೋರಿಸಬೇಕು. 2013ರಲ್ಲಿ ಗ್ರಹಾಂ ಮತ್ತು ಜೇಸನ್ ಮೆಕ್‌ಲೆಲನ್ ಅವರ ತಂಡ ಆರ್‌ಎಸ್‌ವಿ ಪ್ರೋಟೀನನ್ನು ಆ ಆಕಾರದಲ್ಲಿ ಹಿಡಿದು ನಿಲ್ಲಿಸುವುದು ಹೇಗೆಂದು ತೋರಿಸಿತು.

ಅಷ್ಟರಲ್ಲಿ ಮೆರ್ಸ್ ಎಂಬ ಹೊಸ ಕೊರೊನಾವೈರಸ್ ಬಂದಿತ್ತು. ಅದೇ ಉಪಾಯವನ್ನು ಅದರ ಸ್ಪೈಕ್ ಪ್ರೋಟೀನ್‌ಗೂ ಹಾಕಿದರು. ಪ್ರೋಟೀನ್‌ನ ಎರಡು ಕೊಂಡಿಗಳನ್ನು ಬದಲಿಸಿದರೆ ಸಾಕು, ಆಕಾರ ನಿಲ್ಲುತ್ತದೆ ಎಂದು 2017ರಲ್ಲಿ ಪ್ರಕಟಿಸಿದರು. ಹೊರಗೆ ಯಾರೂ ಅಷ್ಟಾಗಿ ಗಮನಿಸಲಿಲ್ಲ. 2020ರ ಜನವರಿಯಲ್ಲಿ ಹೊಸ ವೈರಸ್‌ನ ಮಾಹಿತಿ ಬಂದಾಗ ಎಲ್ಲಿ ಬದಲಿಸಬೇಕು ಎಂದು ಅವರಿಗೆ ಮೊದಲೇ ಗೊತ್ತಿತ್ತು. ಮಾಡರ್ನಾ ಮತ್ತು ಫೈಜರ್ ಎರಡೂ ಲಸಿಕೆಗಳಲ್ಲಿ ಆ ಬದಲಾವಣೆ ಇದೆ. ಆರ್‌ಎಸ್‌ವಿಗೂ ಕೊನೆಗೆ 2023ರಲ್ಲಿ ಲಸಿಕೆ ಬಂತು.

ಕರಿಕೊ ಅವರ ದಾರಿ ಇನ್ನೂ ಕಷ್ಟದ್ದು. ಎಂಆರ್‌ಎನ್‌ಎ ಕೆಲಸಕ್ಕೆ ಅನುದಾನವೇ ಸಿಗದೆ 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿದರು. ಅವರು ಬಿಟ್ಟು ಹೋಗಲಿಲ್ಲ. ನೊಬೆಲ್‌ಗೆ ಕಾರಣವಾದ ಮುಖ್ಯ ಲೇಖನ ಹೊರಬಂದದ್ದು 2005ರಲ್ಲಿ. ಅಷ್ಟು ಕಾಲ ತಡೆದುಕೊಂಡು ನಿಂತವರ ಹೆಸರು ನಮಗೆ ಗೊತ್ತಾಗುತ್ತದೆ. ತಡೆಯಲಾರದೆ ಬಿಟ್ಟುಹೋದವರ ಪಟ್ಟಿ ಎಲ್ಲೂ ಇಲ್ಲ.

ಭಯ ಇರುವವರೆಗೆ ಮಾತ್ರ ಹಣ

ಹಣ ನಿಲ್ಲುವುದು 2025ರಲ್ಲಿ ಹುಟ್ಟಿದ ಹೊಸ ಕಾಯಿಲೆಯೇನೂ ಅಲ್ಲ. 2002–03ರಲ್ಲಿ ಸಾರ್ಸ್ ಎಂಬ ಕೊರೊನಾವೈರಸ್ ರೋಗ ಸುಮಾರು 8,000 ಜನರಿಗೆ ತಗುಲಿ 774 ಜನರನ್ನು ಕೊಂದಿತು. ಆಗ ಸಂಶೋಧನೆಗೆ ಹಣ ಹರಿದು ಬಂತು. ಸೋಂಕು ಮಾಯವಾದ ಮೇಲೆ ಹಣವೂ ಮಾಯವಾಯಿತು. ಟೆಕ್ಸಸ್‌ನ ಪೀಟರ್ ಹೋಟೆಜ್ ಅವರ ತಂಡ 2016ರ ಹೊತ್ತಿಗೆ ಸಾರ್ಸ್‌ಗೆ ಒಂದು ಲಸಿಕೆಯನ್ನು ತಯಾರು ಮಾಡಿಟ್ಟಿತ್ತು. ಮನುಷ್ಯರ ಮೇಲೆ ಪರೀಕ್ಷೆ ಮಾಡಲು ಹಣ ಕೊಡುವವರು ಸಿಗಲಿಲ್ಲ. ಅದು ಫ್ರೀಜರ್‌ನಲ್ಲೇ ಉಳಿಯಿತು.

ಎಬೋಲಾ ಲಸಿಕೆಯದೂ ಅದೇ ಕಥೆ. ಕೆನಡಾದ ವಿನ್ನಿಪೆಗ್ ಲ್ಯಾಬ್‌ನಲ್ಲಿ ರೂಪುಗೊಂಡ ಲಸಿಕೆ ಕೋತಿಗಳನ್ನು ಕಾಪಾಡುತ್ತದೆ ಎಂದು 2005ರಲ್ಲೇ ಗೊತ್ತಾಗಿತ್ತು. ಮುಂದಿನ ಹೆಜ್ಜೆ ಇಡಲು ಯಾರೂ ಬರಲಿಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿ 11,000ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪರೀಕ್ಷೆ ನಡೆಯಿತು. ಅನುಮತಿ ಬಂದದ್ದು 2019ರಲ್ಲಿ. ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ಬಾವಿ ಅರ್ಧ ತೋಡಿ ಆಗಿತ್ತು. ತೋಡುವವರನ್ನು ನಡುವೆ ಮನೆಗೆ ಕಳಿಸಿದ್ದರು.

ಹಣ ನಿಲ್ಲಿಸಿದವರ ವಾದ ಏನು?

ಅವರ ಮಾತನ್ನೂ ಸರಿಯಾಗಿ ಕೇಳಬೇಕು. ಮೊದಲನೆಯದು, ಎಂಆರ್‌ಎನ್‌ಎ ಲಸಿಕೆಗಳು ಕೋವಿಡ್, ಫ್ಲೂ ರೀತಿಯ ಉಸಿರಾಟದ ಸೋಂಕುಗಳನ್ನು ಚೆನ್ನಾಗಿ ತಡೆಯುವುದಿಲ್ಲ ಎಂಬುದು ಇಲಾಖೆಯ ವಾದ. ಇದರಲ್ಲಿ ಅರ್ಧ ನಿಜ ಇದೆ. ಲಸಿಕೆ ಹಾಕಿಸಿಕೊಂಡವರಿಗೂ ಕೋವಿಡ್ ಬಂತು. ಅದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಆಸ್ಪತ್ರೆ ಸೇರುವುದನ್ನು, ಸಾಯುವುದನ್ನು ಈ ಲಸಿಕೆಗಳು ದೊಡ್ಡ ಪ್ರಮಾಣದಲ್ಲಿ ತಪ್ಪಿಸಿದವು. ಆ ಉಳಿದ ಅರ್ಧವನ್ನು ಬಿಟ್ಟು ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು, ಜನ ಹೆಚ್ಚಾಗಿ ಸಾಯುತ್ತಿರುವುದು ಹೃದಯ ರೋಗ, ಸಕ್ಕರೆ ಕಾಯಿಲೆಯಂಥ ದೀರ್ಘ ರೋಗಗಳಿಂದ, ಹಣ ಅತ್ತ ಹೋಗಲಿ ಎಂಬುದು. ಈಗ ಅಮೆರಿಕದ ಆರೋಗ್ಯ ಸಚಿವರಾಗಿರುವ ರಾಬರ್ಟ್ ಕೆನಡಿ ಜೂನಿಯರ್, ಸೋಂಕು ರೋಗಗಳಿಗೆ ಸುಮಾರು ಎಂಟು ವರ್ಷ ಬಿಡುವು ಕೊಡುತ್ತೇವೆ ಎಂದು 2023ರಲ್ಲೇ ಹೇಳಿದ್ದರು. ದೀರ್ಘ ರೋಗಗಳಿಗೆ ಹಣ ಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಎಂಟು ವರ್ಷ ಅಂದರೆ ಏನು? ಒಬ್ಬರ ಪಿಎಚ್‌ಡಿ ಮತ್ತು ಪೋಸ್ಟ್‌ಡಾಕ್‌ನ ಬಹುಪಾಲು. ಅಂದರೆ ಒಂದು ಇಡೀ ತಲೆಮಾರು ಈ ವಿದ್ಯೆ ಕಲಿಯದೆ ಹೋಗುತ್ತದೆ.

ಮೂರನೆಯ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದು ಲ್ಯಾಬ್‌ಗಳ ಸುರಕ್ಷತೆ ಕುರಿತದ್ದು. ಜಗತ್ತಿನಲ್ಲಿ ಸಿಡುಬಿನಿಂದ ಕೊನೆಯ ಸಾವು ಆದದ್ದು 1978ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಸಿಡುಬಿನ ಲ್ಯಾಬ್ ಇದ್ದ ಕಟ್ಟಡದಲ್ಲೇ ಸತ್ತವರು ಕೆಲಸ ಮಾಡುತ್ತಿದ್ದರು. 2003–04ರಲ್ಲಿ ಸಿಂಗಪುರ, ತೈಪೆ ಮತ್ತು ಬೀಜಿಂಗ್‌ನ ಲ್ಯಾಬ್‌ಗಳಲ್ಲಿ ಸಂಶೋಧಕರಿಗೆ ಸಾರ್ಸ್ ತಗುಲಿತು. 2011ರಲ್ಲಿ ನೆದರ್‌ಲೆಂಡ್ಸ್ ಮತ್ತು ಅಮೆರಿಕದ ಎರಡು ತಂಡಗಳು ಎಚ್5ಎನ್1 ಹಕ್ಕಿ ಜ್ವರದ ವೈರಸ್ ಸಸ್ತನಿಗಳ ನಡುವೆ ಗಾಳಿಯಲ್ಲಿ ಹರಡುವಂತೆ ಆಗಲು ಯಾವ ಬದಲಾವಣೆ ಬೇಕು ಎಂದು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಲ್ಲಿ ತೋರಿಸಿದವು. ಇಂಥ ಪ್ರಯೋಗಗಳಿಗೆ ಗೇನ್ ಆಫ್ ಫಂಕ್ಷನ್ ಎನ್ನುತ್ತಾರೆ. ವೈರಸ್‌ಗೆ ಇಲ್ಲದ ಶಕ್ತಿಯನ್ನು ಲ್ಯಾಬ್‌ನಲ್ಲಿ ಕೊಟ್ಟು ನೋಡುವುದು. ಆಗ ವಿಜ್ಞಾನಿಗಳೇ ಒಪ್ಪಿ ಒಂದು ವರ್ಷ ಆ ಕೆಲಸ ನಿಲ್ಲಿಸಿದರು. 2014ರಿಂದ 2017ರವರೆಗೆ ಅಮೆರಿಕ ಸರ್ಕಾರವೂ ಹಣ ತಡೆದಿತ್ತು. ಕೋವಿಡ್ ಮೂಲದ ಬಗ್ಗೆ ಇನ್ನೂ ತೀರದ ಜಗಳ ಈ ಭಯವನ್ನು ಹೆಚ್ಚಿಸಿತು. 2025ರ ಮೇ 5ರಂದು ಅಮೆರಿಕದ ಅಧ್ಯಕ್ಷರು ಅಪಾಯಕಾರಿ ಗೇನ್ ಆಫ್ ಫಂಕ್ಷನ್ ಸಂಶೋಧನೆಗೆ ಮತ್ತೆ ತಡೆ ಹಾಕುವ ಆದೇಶ ಹೊರಡಿಸಿದರು.

ಈ ಭಯ ಸುಳ್ಳಲ್ಲ. ಇಂಥ ಪ್ರಯೋಗಕ್ಕೆ ಹೊರಗಿನವರ ಕಣ್ಣು ಬೇಕು, ಬಿಗಿಯಾದ ನಿಯಮ ಬೇಕು. ವೈರಾಲಜಿಸ್ಟ್‌ಗಳಲ್ಲೂ ಹಲವರು ಇದನ್ನೇ ಹೇಳುತ್ತಾರೆ. ತೊಡಕು ಇರುವುದು ಗೆರೆ ಎಲ್ಲಿ ಎಳೆಯಬೇಕು ಅನ್ನೋದರಲ್ಲಿ. ಲಸಿಕೆಗೆ ಬೇಕಾದ ಫ್ಲೂ ವೈರಸ್ ಚೆನ್ನಾಗಿ ಬೆಳೆಯುವಂತೆ ಮಾಡುವುದೂ ಒಂದು ರೀತಿಯಲ್ಲಿ ಅದಕ್ಕೆ ಶಕ್ತಿ ಕೊಡುವುದೇ. ಔಷಧಿಗೆ ವೈರಸ್ ಹೇಗೆ ಬಗ್ಗದಂತಾಗುತ್ತದೆ ಎಂದು ನೋಡುವುದೂ ಹಾಗೆಯೇ. ಗೆರೆ ಮಸುಕಾಗಿದ್ದರೆ, ತನ್ನ ಪ್ರಯೋಗ ನಾಳೆ ಯಾವ ಪಟ್ಟಿಗೆ ಸೇರುತ್ತದೋ ಎಂದು ಹೆದರುವ ವಿದ್ಯಾರ್ಥಿ ವೈರಸ್ ಬಿಟ್ಟು ಬೇರೆ ವಿಷಯ ಆರಿಸಿಕೊಳ್ಳುತ್ತಾರೆ. ಇನ್ನೊಂದು ಮಾತು: ಆಗಸ್ಟ್‌ನಲ್ಲಿ ನಿಂತ ಎಂಆರ್‌ಎನ್‌ಎ ಯೋಜನೆಗಳಿಗೂ ಈ ಸುರಕ್ಷತೆಯ ಭಯಕ್ಕೂ ನೇರ ಸಂಬಂಧವೇ ಇಲ್ಲ. ಎಂಆರ್‌ಎನ್‌ಎ ಲಸಿಕೆ ಮಾಡಲು ಜೀವಂತ ವೈರಸ್ ಬೆಳೆಸಬೇಕಾಗಿಲ್ಲ, ಅದರ ಜೀನ್ ಮಾಹಿತಿ ಇದ್ದರೆ ಸಾಕು. ಎರಡು ಬೇರೆ ಬೇರೆ ಸಿಟ್ಟುಗಳು ಒಂದೇ ವಿದ್ಯೆಯ ಮೇಲೆ ಬಿದ್ದಿವೆ.

ಮುಂದೆ ಏನಾಗಬಹುದು

ಮೊದಲು ಜನ ಚದುರುತ್ತಾರೆ. ವಿಜ್ಞಾನಿಗಳನ್ನು ಸೆಳೆಯಲು ಯುರೋಪಿನ ಒಕ್ಕೂಟ 2025ರ ಮೇ ತಿಂಗಳಲ್ಲೇ 50 ಕೋಟಿ ಯೂರೋಗಳ ಯೋಜನೆ ಘೋಷಿಸಿತು. ಹೆಸರು ಮಾಡಿದ ಹಿರಿಯರಿಗೆ ಇಂಥ ಬಾಗಿಲು ತೆರೆಯುತ್ತದೆ. ನಡುವೆ ಸಿಕ್ಕಿಕೊಳ್ಳುವವರು ಮೂವತ್ತರ ಆಸುಪಾಸಿನವರು. ಅವರ ಬಳಿ ದೊಡ್ಡ ಹೆಸರು ಇನ್ನೂ ಇಲ್ಲ, ಕಾಯಲು ಕೈಯಲ್ಲಿ ಹಣವೂ ಇಲ್ಲ. 2025ರಲ್ಲಿ ಬಿಟ್ಟುಹೋದವರು 2040ರಲ್ಲಿ ಲ್ಯಾಬ್ ನಡೆಸಬೇಕಾಗಿದ್ದವರು.

ಎರಡನೆಯದು ಹಕ್ಕಿ ಜ್ವರ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮೊದಲ ಬಾರಿ 18 ಜನರಿಗೆ ತಗುಲಿ ಆರು ಜನರನ್ನು ಕೊಂದಿತು. 2024ರ ಮಾರ್ಚ್‌ನಲ್ಲಿ ಅದು ಅಮೆರಿಕದ ಹಾಲು ಕೊಡುವ ಹಸುಗಳಲ್ಲೂ ಕಾಣಿಸಿಕೊಂಡಿತು. ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದನ್ನು ಅದು ಇನ್ನೂ ಕಲಿತಿಲ್ಲ. ಕಲಿತರೆ, ಮೊಟ್ಟೆಯಲ್ಲಿ ಬೆಳೆಸುವ ಹಳೆಯ ವಿಧಾನದ ಫ್ಲೂ ಲಸಿಕೆ ತಯಾರಾಗಲು ಸುಮಾರು ಆರು ತಿಂಗಳು ಬೇಕು. ಆ ಮೊಟ್ಟೆ ಇಡುವ ಕೋಳಿಗಳನ್ನೇ ಈ ವೈರಸ್ ಕೊಲ್ಲುತ್ತದೆ. ಎಂಆರ್‌ಎನ್‌ಎ ವಿಧಾನ ಇಲ್ಲಿ ವಾರಗಳನ್ನು, ತಿಂಗಳುಗಳನ್ನು ಉಳಿಸಬಲ್ಲದು. ಕಂಪನಿಗಳು ತಾವೇ ಮಾಡಿಕೊಳ್ಳಲಿ ಎನ್ನಬಹುದು. ಆದರೆ ಇನ್ನೂ ಬಾರದ ರೋಗದ ಲಸಿಕೆಗೆ ಕೊಳ್ಳುವವರು ಸರ್ಕಾರಗಳು ಮಾತ್ರ. ಕೊಳ್ಳುವವರು ಹಿಂದೆ ಸರಿದರೆ ಮಾಡುವವರೂ ಸರಿಯುತ್ತಾರೆ.

ಇದೆಲ್ಲದರ ನಡುವೆ, 2025ರ ಸೆಪ್ಟೆಂಬರ್ 4ರಂದು, ಕಾಂಗೋದ ಕಸಾಯಿ ಪ್ರಾಂತ್ಯದಲ್ಲಿ ಎಬೋಲಾ ಮತ್ತೆ ಬಂದಿದೆ ಎಂದು ಘೋಷಣೆಯಾಯಿತು. ಮೊದಲ ವಾರಗಳಲ್ಲಿ ಸಾವುಗಳು ಬೇಗ ಬೇಗ ಬಂದವು. ಈ ಸಲ ಕೈಗವಸು ಇತ್ತು. ವಿನ್ನಿಪೆಗ್‌ನಲ್ಲಿ ವರ್ಷಗಟ್ಟಲೆ ಕಾದ ಲಸಿಕೆ ಇತ್ತು, ಅದರ ಡೋಸ್‌ಗಳು ಮೊದಲೇ ರಾಜಧಾನಿ ಕಿನ್ಶಾಸಾದಲ್ಲಿ ಸಂಗ್ರಹವಾಗಿದ್ದವು. ಕಿಕ್ವಿಟ್‌ನಲ್ಲಿ ಬದುಕಿ ಉಳಿದವರ ರಕ್ತದಿಂದ ಬಂದ ಎಂಎಬಿ114 ಕೂಡ ರೋಗಿಗಳ ಬಳಿ ತಲುಪಿತು. ಕೊನೆಯ ರೋಗಿ ಗುಣವಾಗಿ ಮನೆಗೆ ಹೋದ ಮೇಲೆ 42 ದಿನ ಕಾದರು. ಹೊಸ ರೋಗಿ ಬರಲಿಲ್ಲ. ಡಿಸೆಂಬರ್ 1ರಂದು ಸೋಂಕು ಮುಗಿದಿದೆ ಎಂದು ಹೇಳಿದರು.